ಪಾಲಿಸಿಯ ಮೇಲಿನ ಆ ಒಂದು ಅಂಕಿ

ರಾಯಚೂರಿನ ಗ್ಯಾರೇಜೊಂದರ ಹಿಂದಿನ ಬಯಲಿನಲ್ಲಿ ನಮ್ಮ ಸೋದರಮಾವನ ಕಾರು ಹತ್ತೊಂಬತ್ತು ದಿನ ನಿಂತಿತ್ತು. ಮುಂಭಾಗ ಡ್ರೈವರ್ ಸೀಟಿನವರೆಗೆ ಒಳಗೆ ಸರಿದಿತ್ತು. ಬಾನೆಟ್ ಮಡಚಿದ ರೊಟ್ಟಿಯ ಹಾಗೆ ಎರಡಾಗಿತ್ತು. ಒಡೆದ ಗಾಜಿನ ಚೂರುಗಳ ನಡುವೆ, ಡ್ಯಾಶ್‌ಬೋರ್ಡಿನ ಸಂದಿಯಲ್ಲಿ, ಹತ್ತಿಯ ಎಳೆಗಳು ಸಿಕ್ಕಿಕೊಂಡಿದ್ದವು. ಆ ಹತ್ತಿ ಮಾವನದಲ್ಲ, ಮುಂದೆ ಹೋಗುತ್ತಿದ್ದ ಟ್ರ್ಯಾಲಿಯದು.

ದೇವದುರ್ಗದಿಂದ ಹೊರಟು ಗಬ್ಬೂರು ದಾಟಿದ ಮೇಲೆ, ರಾತ್ರಿ ಎಂಟರ ಸುಮಾರಿಗೆ ನಡೆದ ಅಪಘಾತ ಅದು. ಹತ್ತಿ ಬಿಡಿಸುವ ದಿನಗಳಲ್ಲಿ ಈ ರಸ್ತೆಯಲ್ಲಿ ಓಡಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಯಚೂರಿನ ಮಾರುಕಟ್ಟೆಗೆ ಹತ್ತಿ ತರುವ ಟ್ರ್ಯಾಕ್ಟರುಗಳು ಸಂಜೆಯಿಂದಲೇ ಸಾಲುಗಟ್ಟುತ್ತವೆ. ಎಷ್ಟೋ ಟ್ರ್ಯಾಲಿಗಳಿಗೆ ಹಿಂದೆ ದೀಪವಿಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ ಮುಂದಿರುವ ಹತ್ತಿಯ ಗುಡ್ಡ ಕಾಣುವುದೇ ಇಲ್ಲ. ಏರ್‌ಬ್ಯಾಗ್ ತೆರೆದುಕೊಂಡಿತು, ಮಾವನ ಜೀವ ಉಳಿಯಿತು. ಭುಜದ ಎಲುಬು ಮುರಿದು ತಿಂಗಳೊಪ್ಪತ್ತು ಕೈ ಜೋಲಿಯಲ್ಲಿತ್ತು.

ಕಾರು ಉಳಿಯಲಿಲ್ಲ. ಸರಿಪಡಿಸಲು ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟು 4,60,000 ರೂಪಾಯಿ. ಸರ್ವೇಯರ್ ಬಂದು ಫೋಟೊ ಹೊಡೆದುಕೊಂಡು, ಚಾಸಿ ನಂಬರು ಉಜ್ಜಿ ನೋಡಿ, ‘ಟೋಟಲ್ ಲಾಸ್’ ಎಂದು ಹೇಳಿ ಹೋದರು. ವಾರದ ನಂತರ ವಿಮಾ ಕಂಪನಿಯಿಂದ ಮಾವನಿಗೆ ಫೋನು ಬಂತು. ಆ ಫೋನು ಇಟ್ಟ ಕೂಡಲೇ ಅವರು ನನಗೆ ಮಾಡಿದರು.

“ಅಳಿಯಾ, ಮೂರು ತೊಂಬತ್ತು ಕೊಡ್ತೀವಿ ಅಂತಾರ. ಮಾರ್ಕೆಟ್‌ನ್ಯಾಗ ನಿಮ್ಮ ಗಾಡಿಗೆ ಅಷ್ಟ ರೇಟಂತ. ಸಹಿ ಮಾಡಿ ಕಳಸ್ರಿ ಅಂದಾರ. ಮಾಡ್ಲೇನು?”

“ಈಗ ಸಹಿ ಮಾಡಬ್ಯಾಡ್ರಿ ಮಾಮ. ಪಾಲಿಸಿ ಕಾಗದ ಕೈಯಾಗ ಅದೇನು?”

“ಅದ.”

“ಅದ್ರಾಗ ಐಡಿವಿ ಅಂತ ಒಂದು ಮನಿ ಇರ್ತದ ನೋಡ್ರಿ. ಅದ್ರಾಗ ಎಷ್ಟು ಬರದಾರ?”

ಕನ್ನಡಕ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಕ್ಷರ ಅಕ್ಷರ ಓದಿದರು: “ಐದು ಲಕ್ಷದ ಹತ್ತು ಸಾವಿರ.”

ಈ ಲೇಖನವೆಲ್ಲ ಆ ಒಂದು ಅಂಕಿಯ ಕುರಿತೇ. ಮಾವನಂಥ ಸಾವಿರಾರು ಜನ ನಮ್ಮ ಜಿಲ್ಲೆಯಲ್ಲಿ ಪ್ರತಿ ವರ್ಷ ಪ್ರೀಮಿಯಂ ಕಟ್ಟುತ್ತಾರೆ. ಕಾಗದವನ್ನು ಡಿಕ್ಕಿಯಲ್ಲೋ ದೇವರ ಕೋಣೆಯ ಕಪಾಟಿನಲ್ಲೋ ಇಡುತ್ತಾರೆ. ಪೊಲೀಸರು ತಡೆದಾಗ ತೋರಿಸಲು ಅದು ಬೇಕು ಎಂಬುದಷ್ಟೇ ಗೊತ್ತು. ತಮ್ಮ ಕಾರಿನ ಬೆಲೆಯನ್ನು ಅದರಲ್ಲಿ ಆಗಲೇ ಬರೆದು ಮುಗಿಸಿದ್ದಾರೆ ಎಂಬುದು ಬಹುಪಾಲು ಮಂದಿಗೆ ಗೊತ್ತಿಲ್ಲ.

ಐಡಿವಿ ಎಂದರೆ ವಿಮೆ ಮಾಡಿಸುವಾಗ ಘೋಷಿಸಿದ ವಾಹನದ ಬೆಲೆ. ಇದಕ್ಕೊಂದು ಹಿನ್ನೆಲೆಯಿದೆ. 2002ಕ್ಕೆ ಮೊದಲು ಪಾಲಿಸಿಯಲ್ಲಿ ಮಾಲೀಕನ ಅಂದಾಜು ಬೆಲೆ ಎಂದು ಬರೆಯುತ್ತಿದ್ದರು. ವಾಹನ ಹಾಳಾದ ಮೇಲೆ ಆ ದಿನದ ಮಾರುಕಟ್ಟೆ ಬೆಲೆ ಎಷ್ಟು ಎಂಬ ಚೌಕಾಶಿ ಶುರುವಾಗುತ್ತಿತ್ತು. ಎರಡರಲ್ಲಿ ಕಡಿಮೆ ಯಾವುದೋ ಅದು ಮಾಲೀಕನ ಪಾಲಿಗೆ. ಹೆಚ್ಚು ಬೆಲೆಗೆ ಪ್ರೀಮಿಯಂ ಕಟ್ಟಿಸಿಕೊಂಡು ಕಡಿಮೆ ಬೆಲೆ ಕೊಡುವ ಈ ಜಗಳ ತಪ್ಪಿಸಲೆಂದೇ 2002ರ ಜುಲೈ 1ರಿಂದ ಜಾರಿಗೆ ಬಂದ ಅಖಿಲ ಭಾರತ ಮೋಟಾರು ಟ್ಯಾರಿಫ್ ಐಡಿವಿಯನ್ನು ತಂದಿತು. ಪ್ರೀಮಿಯಂ ದರಗಳ ಮೇಲಿನ ಹಿಡಿತ 2007ರಿಂದ ಸಡಿಲವಾದರೂ ಪಾಲಿಸಿಯ ಈ ಷರತ್ತು ಹಾಗೆಯೇ ಉಳಿದಿದೆ.

ಲೆಕ್ಕ ಸರಳ. ಅದೇ ಮಾದರಿಯ ಹೊಸ ಕಾರಿಗೆ ತಯಾರಕರ ಈಗಿನ ದರ ಎಷ್ಟೋ ಅದರಲ್ಲಿ ವಯಸ್ಸಿಗೆ ತಕ್ಕ ಸವಕಳಿ ಕಳೆಯಬೇಕು. ಆರು ತಿಂಗಳೊಳಗಿನ ಗಾಡಿಗೆ ಶೇ 5, ವರ್ಷದೊಳಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರರವರೆಗೆ ಶೇ 30, ನಾಲ್ಕರವರೆಗೆ ಶೇ 40, ಐದರವರೆಗೆ ಶೇ 50. ಮಾವನ ಪಾಲಿಸಿ ನವೀಕರಣವಾದದ್ದು ಕಾರಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ. ಹೊಸದರ ಬೆಲೆ 8,50,000. ಅದರಲ್ಲಿ ಶೇ 40 ಕಳೆದರೆ 5,10,000. ಕಂಪನಿಯೇ ಹಾಕಿದ ಲೆಕ್ಕವಿದು, ಪ್ರೀಮಿಯಂ ತೆಗೆದುಕೊಂಡದ್ದೂ ಇದರ ಮೇಲೆಯೇ.

ಪಾಲಿಸಿಯ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿದೆ. ವಾಹನ ಪೂರ್ತಿ ನಾಶವಾದರೆ ಅಥವಾ ಕಳುವಾದರೆ, ಈ ಐಡಿವಿಯನ್ನೇ ಮಾರುಕಟ್ಟೆ ಬೆಲೆಯೆಂದು ತಿಳಿಯತಕ್ಕದ್ದು. ಪಾಲಿಸಿಯ ಅವಧಿ ಮುಗಿಯುವವರೆಗೆ ಮತ್ತೆ ಸವಕಳಿ ಕಳೆಯುವಂತಿಲ್ಲ. ಅಂದರೆ ‘ಮಾರ್ಕೆಟ್‌ನಲ್ಲಿ ಅಷ್ಟೇ ರೇಟು’ ಎಂಬ ಮಾತಿಗೆ ಆ ಫೋನಿನಲ್ಲಿ ಜಾಗವೇ ಇರಲಿಲ್ಲ. ಮಾರ್ಕೆಟ್ ಯಾವುದು ಎಂದು ಕಾಗದವೇ ಹೇಳಿಬಿಟ್ಟಿದೆ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಅದು ಟೋಟಲ್ ಲಾಸ್. ಮಾವನ ಕಾರಿಗೆ ಆ ಗೆರೆ 3,82,500ಕ್ಕೆ ಬೀಳುತ್ತದೆ. ಸರ್ವೇಯರ್ ತಾವೇ ಗೆರೆ ದಾಟಿದೆ ಎಂದು ಒಪ್ಪಿದ ಮೇಲೆ, 1,500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ರೂಪಾಯಿ ಬಿಟ್ಟು 5,09,000 ಕೊಡಬೇಕಿತ್ತು. ಕೊಡುತ್ತೇವೆ ಎಂದದ್ದು 3,90,000.

ಕಡಿಮೆಯಾದ ಮೊತ್ತ 1,19,000. ದೇವದುರ್ಗದ ರೈತನಿಗೆ ಇದನ್ನು ಹತ್ತಿಯಲ್ಲಿ ಹೇಳಬೇಕು. 2024-25ರಲ್ಲಿ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,521 ರೂಪಾಯಿ. ಆ ಲೆಕ್ಕದಲ್ಲಿ ಹದಿನೈದು ಕ್ವಿಂಟಲ್‌ಗೂ ಮಿಕ್ಕಿದ ಹತ್ತಿ. ಬಿತ್ತಿ, ಕಳೆ ತೆಗೆಸಿ, ಔಷಧ ಹೊಡೆದು, ಆಳು ಹಚ್ಚಿ ಬಿಡಿಸಿದ ಹದಿನೈದು ಕ್ವಿಂಟಲನ್ನು ಒಂದು ಫೋನಿನಲ್ಲಿ ಬಿಟ್ಟುಕೊಡು ಎಂದಂತಾಯಿತು.

ಕಾನೂನು ಈ ವಿಷಯದಲ್ಲಿ ಮಾಲೀಕನ ಪರವಾಗಿಯೇ ಇದೆ. 2008ರಲ್ಲಿ ಸುಪ್ರೀಂ ಕೋರ್ಟ್ ಧರ್ಮೇಂದ್ರ ಗೋಯಲ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ವಾಹನ ಇರುವ ಪ್ರತಿಯೊಬ್ಬರೂ ತಿಳಿದಿರಬೇಕು. ಅವರ ಟ್ರಕ್ಕನ್ನು ನವೀಕರಣದ ವೇಳೆ 3,54,000 ರೂಪಾಯಿಗೆ ವಿಮೆ ಮಾಡಲಾಗಿತ್ತು. ಏಳು ತಿಂಗಳಲ್ಲಿ ಅಪಘಾತ. ಪರಿಹಾರ ಕೊಡುವ ಹೊತ್ತಿಗೆ, ಸಾರ್ವಜನಿಕ ವಲಯದ್ದೇ ಆದ ಓರಿಯಂಟಲ್ ಇನ್ಶೂರೆನ್ಸ್ ಕಂಪನಿ ಗಾಡಿಯ ಬೆಲೆ ಅಷ್ಟಿಲ್ಲ ಎಂದು ವಾದಿಸಿತು. ತಾನೇ ಒಪ್ಪಿ ಪ್ರೀಮಿಯಂ ಪಡೆದ ಬೆಲೆಯಿಂದ ಕಂಪನಿ ಹಿಂದೆ ಸರಿಯುವಂತಿಲ್ಲ ಎಂದಿತು ಕೋರ್ಟು. ಏಳು ತಿಂಗಳ ಬಳಕೆಗೆಂದು ಹತ್ತು ಸಾವಿರ ಮಾತ್ರ ಕಳೆದು 3,44,000 ಕೊಡಿಸಿತು. ಬಲವಾದ ಸ್ಥಾನದಲ್ಲಿರುವ ಕಂಪನಿಗಳು, ಬೇಕಾದರೆ ತಗೋ ಬೇಡವಾದರೆ ಬಿಡು ಎಂಬಂತೆ ನಡೆದುಕೊಳ್ಳುವುದನ್ನು ನ್ಯಾಯಮೂರ್ತಿಗಳು ಕಟುವಾಗಿಯೇ ಟೀಕಿಸಿದರು. ಮರುವರ್ಷ, 2009ರಲ್ಲಿ, ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದೂ ಹೇಳಿತು. ಬೇಕಾದ ವರದಿ ಸಿಗುವವರೆಗೆ ಒಬ್ಬರ ಮೇಲೊಬ್ಬ ಸರ್ವೇಯರರನ್ನು ಕಳಿಸುತ್ತ ಹೋಗುವಂತಿಲ್ಲ ಎಂಬ ಮಾತು ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿದೆ.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಕಡಿಮೆ ಮೊತ್ತದ ಫೋನುಗಳು ಏಕೆ ಬರುತ್ತವೆ? ನನ್ನ ಅಭಿಪ್ರಾಯದಲ್ಲಿ ಕಾರಣ ಒಂದೇ. ಹೆಚ್ಚಿನವರು ಸಹಿ ಮಾಡುತ್ತಾರೆ. ಕಾರು ಹೋಗಿದೆ, ಬ್ಯಾಂಕಿನ ಕಂತು ಉಳಿದಿದೆ. ಸಾಲ ಇದ್ದರೆ ವಿಮೆಯ ಹಣ ಮೊದಲು ಬ್ಯಾಂಕಿಗೇ ಸಲ್ಲುತ್ತದೆ. ಗ್ಯಾರೇಜಿನವರು ದಿನಕ್ಕಿಷ್ಟು ಪಾರ್ಕಿಂಗ್ ಎಂದು ಹೇಳಲು ಶುರುಮಾಡಿರುತ್ತಾರೆ. ಮನೆಯಲ್ಲಿ ಒಬ್ಬರು ಆಸ್ಪತ್ರೆಯಲ್ಲಿದ್ದಾರೆ. ಇಂಥ ಹೊತ್ತಿನಲ್ಲಿ ಕೈಗೆ ಬಂದಷ್ಟು ಬರಲಿ ಎನ್ನಿಸುವುದು ಸಹಜ.

ಮಾವನಿಗೆ ಕಳಿಸಿದ್ದ ಕಾಗದವನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಒಂದೇ ಹಾಳೆ. ಮೇಲೆ ಕ್ಲೇಮು ನಂಬರು, ನಡುವೆ ಖಾಲಿ ಬಿಟ್ಟ ಗೆರೆಯಲ್ಲಿ ಪೆನ್ನಿನಿಂದ ಬರೆದ 3,90,000, ಕೆಳಗೆ ರೆವಿನ್ಯೂ ಸ್ಟ್ಯಾಂಪು ಹಚ್ಚಲು ಒಂದು ಚೌಕ. ಇದನ್ನು ಪೂರ್ಣ ಮತ್ತು ಅಂತಿಮ ಇತ್ಯರ್ಥವೆಂದು ಒಪ್ಪಿದ್ದೇನೆ, ಮುಂದೆ ಏನನ್ನೂ ಕೇಳುವುದಿಲ್ಲ ಎಂಬ ಒಕ್ಕಣೆ. ಇದಕ್ಕೆ ಡಿಸ್ಚಾರ್ಜ್ ವೋಚರ್ ಎನ್ನುತ್ತಾರೆ. ಒತ್ತಡದಲ್ಲೋ ಮೋಸದಿಂದಲೋ ಹಾಕಿಸಿಕೊಂಡ ಇಂಥ ಸಹಿಯಿಂದ ಗ್ರಾಹಕನ ಹಕ್ಕು ಮುಗಿದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಒತ್ತಡವಿತ್ತು ಎಂದು ಸಾಬೀತು ಮಾಡುವ ಹೊರೆ ಆಮೇಲೆ ನಿಮ್ಮದೇ. ಅದಕ್ಕಿಂತ ಸಹಿ ತಡೆಯುವುದು ಸುಲಭ. ತೀರ ಹಣದ ಅವಸರವಿದ್ದರೆ, ‘ಆಕ್ಷೇಪಣೆಯೊಂದಿಗೆ, ಭಾಗಶಃ ಮೊತ್ತವಾಗಿ ಸ್ವೀಕರಿಸಿದ್ದೇನೆ’ ಎಂದು ಸಹಿಯ ಮೇಲೆ ಬರೆಯಿರಿ. ಆ ಹಾಳೆಯ ಫೋಟೊ ಇಟ್ಟುಕೊಳ್ಳಿ.

ಮಾವ ಸಹಿ ಮಾಡಲಿಲ್ಲ. ಮೊದಲು ಮಾಡಿದ್ದು, ಸರ್ವೇಯರ್ ವರದಿಯ ಪ್ರತಿ ಕೊಡಿ ಎಂದು ಇಮೇಲ್ ಬರೆಸಿದ್ದು. ಅದನ್ನು ಕೇಳಿ ಪಡೆಯುವ ಹಕ್ಕು ಪಾಲಿಸಿದಾರನಿಗಿದೆ. ವರದಿ ಬಂದಾಗ ನೋಡಿದರೆ, ಅದರಲ್ಲಿ ಐಡಿವಿ 5,10,000 ಎಂದೇ ಬರೆದಿತ್ತು. ಅದರ ಕೆಳಗೆ ‘ಮಾರುಕಟ್ಟೆ ಬೆಲೆ’ ಎಂಬ ಬೇರೆಯೇ ಸಾಲು. ಆ ಬೆಲೆ ಎಲ್ಲಿಂದ ಬಂತು, ಯಾವ ಡೀಲರು ಹೇಳಿದ್ದು, ಯಾವ ಕಾರಿಗೆ ಹೋಲಿಸಿದ್ದು, ಒಂದಕ್ಕೂ ವಿವರವಿಲ್ಲ. ನಾವು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದ ಪತ್ರ ಒಂದು ಪುಟವೂ ಇರಲಿಲ್ಲ. ಪಾಲಿಸಿ ನಂಬರು, ಐಡಿವಿ, ಅದನ್ನೇ ಮಾರುಕಟ್ಟೆ ಬೆಲೆಯೆಂದು ತಿಳಿಯಬೇಕೆಂಬ ಷರತ್ತು, 2008ರ ತೀರ್ಪಿನ ಹೆಸರು, ಮತ್ತು ಒಂದು ಪ್ರಶ್ನೆ: ಪಾಲಿಸಿಯ ಯಾವ ಷರತ್ತಿನ ಪ್ರಕಾರ 1,19,000 ಕಳೆದಿದ್ದೀರಿ? ಹನ್ನೊಂದನೇ ದಿನ ಉತ್ತರ ಬಂತು. ಷರತ್ತಿನ ಹೆಸರು ಅದರಲ್ಲಿರಲಿಲ್ಲ. ಕ್ಲೇಮನ್ನು ಮರುಪರಿಶೀಲಿಸಿ 5,09,000ಕ್ಕೆ ಮಂಜೂರು ಮಾಡಿದ್ದೇವೆ ಎಂದಿತ್ತು.

ಎಲ್ಲರ ವಿಷಯವೂ ಪತ್ರದಲ್ಲಿಯೇ ಮುಗಿಯುವುದಿಲ್ಲ. ಕಂಪನಿ ಒಪ್ಪದಿದ್ದರೆ, ಅಥವಾ ತಿಂಗಳಾದರೂ ಉತ್ತರಿಸದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಕೇಳುತ್ತಾರೆ. ಕಂಪನಿ ನಿರಾಕರಿಸಿದ ದಿನದಿಂದ ಒಂದು ವರ್ಷದೊಳಗೆ ದೂರು ಹೋಗಬೇಕು. ಓಂಬುಡ್ಸ್‌ಮನ್ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ. ನಿಮಗೆ ಒಪ್ಪಿಗೆಯಾಗದಿದ್ದರೆ ಮುಂದೆ ಹೋಗುವ ದಾರಿ ತೆರೆದೇ ಇರುತ್ತದೆ. ದೂರನ್ನು ಆನ್‌ಲೈನಿನಲ್ಲಿ ಕೊಡಬಹುದಾದ್ದರಿಂದ ದೇವದುರ್ಗದಿಂದ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ದಲ್ಲಿಯೂ ದೂರು ದಾಖಲಿಸಬಹುದು, ಫೋನಾದರೆ 155255.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ರಾಯಚೂರಿನಲ್ಲೇ ಇರುವ ಜಿಲ್ಲಾ ಗ್ರಾಹಕರ ಆಯೋಗದ ಬಗ್ಗೆ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದೆ, ಚೆನ್ನೈಯಲ್ಲಿದೆ, ಅಲ್ಲಿಗೆ ಹೋಗಿ ಕೇಸು ಹಾಕಲಾದೀತೇ ಎಂದು ಹೆದರುವವರಿದ್ದಾರೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾನ್ವಿಯವರಾಗಲಿ ದೇವದುರ್ಗದವರಾಗಲಿ ರಾಯಚೂರಿಗೆ ಬಂದರೆ ಸಾಕು. ಶುಲ್ಕದ ವಿಷಯದಲ್ಲೂ ಒಂದು ಅನುಕೂಲವಿದೆ. ನೀವು ಕೊಟ್ಟ ಬೆಲೆಯನ್ನು ನೋಡಿ ಶುಲ್ಕ ನಿಗದಿಯಾಗುತ್ತದೆ, ಕೇಳುವ ಪರಿಹಾರವನ್ನು ನೋಡಿ ಅಲ್ಲ. ವಿಮೆಯಲ್ಲಿ ಕೊಟ್ಟ ಬೆಲೆಯೆಂದರೆ ಪ್ರೀಮಿಯಂ. ಅದು ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಯಾರ ಕಾರಿನ ಪ್ರೀಮಿಯಂ ಐದು ಲಕ್ಷವಿದ್ದೀತು? ವಕೀಲರಿಲ್ಲದೆ ನೀವೇ ನಿಂತು ಹೇಳಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು ಮಾತ್ರ ಮರೆಯಬಾರದು.

ಇನ್ನು ಗುಜರಿಯ ವಿಷಯ. ಟೋಟಲ್ ಲಾಸ್ ಆದ ಗಾಡಿಯ ಅವಶೇಷಕ್ಕೆ ಸಾಲ್ವೇಜ್ ಎನ್ನುತ್ತಾರೆ. ಕಂಪನಿಗಳು ಎಷ್ಟೋ ಸಲ ಹೀಗೆ ಹೇಳುತ್ತವೆ: ಅವಶೇಷಕ್ಕೆ 1,60,000ದ ಬಿಡ್ ಬಂದಿದೆ, ಗಾಡಿ ನೀವೇ ಇಟ್ಟುಕೊಂಡು ಮಾರಿಕೊಳ್ಳಿ, ಅಷ್ಟನ್ನು ಕಳೆದು ಉಳಿದದ್ದು ಕೊಡುತ್ತೇವೆ. ಕೂಡಿಸಿದರೆ ಲೆಕ್ಕ ಸರಿ ಎನಿಸುತ್ತದೆ. ಆದರೆ ಬಿಡ್ ಹಾಕಿದವನು ನಾಳೆ ಬರದಿದ್ದರೆ, ಬಂದವನು ಒಂದು ಲಕ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದರೆ, ಅರವತ್ತು ಸಾವಿರದ ಹೊಡೆತ ಮಾಲೀಕನಿಗೆ. ಖರೀದಿದಾರನ ಹೆಸರು, ಮೊತ್ತ, ಬಿಡ್ ಎಷ್ಟು ದಿನ ಊರ್ಜಿತ ಎಂಬುದು ಬರಹದಲ್ಲಿ ಕೈಗೆ ಬಾರದೆ ಇದಕ್ಕೆ ಒಪ್ಪಬಾರದು.

ಅವಶೇಷ ಯಾರ ಕೈಗೆ ಹೋದರೂ ಆರ್‌ಸಿ ಪುಸ್ತಕದ ಲೆಕ್ಕ ಮುಗಿಸಿಯೇ ಕೊಡಬೇಕು. ವಾಹನ ನಾಶವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ನಮ್ಮ ಕೆಎ-36 ಗಾಡಿಗಳಿಗೆ ಅದು ರಾಯಚೂರಿನ ಕಚೇರಿ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದು, ಕೊಂಡವನು ಗಾಡಿಯನ್ನು ಹೇಗೋ ಎಬ್ಬಿಸಿ ರಸ್ತೆಗಿಳಿಸಿ ಯಾರಿಗಾದರೂ ಗುದ್ದಿದರೆ ಹೊಣೆ ನೋಂದಾಯಿತ ಮಾಲೀಕನದೇ. ಕೈಯಿಂದ ಕೈಗೆ ಮಾರಿದ ವಾಹನದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಹಾಳಾದ ಗಾಡಿಯ ಚಾಸಿ ನಂಬರನ್ನು ಕದ್ದ ಗಾಡಿಗೆ ಕೂರಿಸುವವರೂ ಇದ್ದಾರೆ.

ಇಲ್ಲಿಯವರೆಗೆ ಹೇಳಿದ್ದು ಕಾಗದದಲ್ಲಿ ಅಂಕಿ ಸರಿಯಾಗಿದ್ದವರ ಕಥೆ. ಮಾನ್ವಿಯ ನಮ್ಮ ಪರಿಚಿತರೊಬ್ಬರದು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರು. ಅವರ ಕಾರಿಗೆ ಏಳು ವರ್ಷ. ಐದು ವರ್ಷ ದಾಟಿದ ಗಾಡಿಗೆ ಮೇಲಿನ ಕೋಷ್ಟಕ ಅನ್ವಯಿಸುವುದಿಲ್ಲ, ಬೆಲೆಯನ್ನು ಕಂಪನಿಯೂ ಮಾಲೀಕನೂ ಮಾತಾಡಿ ಒಪ್ಪಿಕೊಳ್ಳಬೇಕು. ಊರಲ್ಲಿ ಮೂರು ಲಕ್ಷಕ್ಕೆ ಕೇಳುವವರಿದ್ದ ಕಾರಿಗೆ ಏಜೆಂಟರು 1,90,000 ಐಡಿವಿ ಹಾಕಿದ್ದರು. “ಪ್ರೀಮಿಯಂ ಕಡಿಮಿ ಬರ್ತದ ಅಣ್ಣಾರ” ಎಂದು ಹೇಳಿಯೇ ಹಾಕಿದ್ದರು. ಉಳಿದದ್ದು ಎರಡು ಸಾವಿರವೂ ಅಲ್ಲ. ಪೋತ್ನಾಳದ ಹತ್ತಿರ ಕಾರು ಕಾಲುವೆಗೆ ಬಿತ್ತು. ಕಂಪನಿ 1,89,000 ಕೊಟ್ಟಿತು, ಹದಿನೈದು ದಿನದಲ್ಲಿ, ಒಂದು ತಕರಾರೂ ಇಲ್ಲದೆ. ನನ್ನಲ್ಲಿಗೆ ಆ ಕಾಗದ ತಂದು ಏನಾದರೂ ಮಾಡಬಹುದೇ ಎಂದು ಕೇಳಿದರು. ಏನೂ ಮಾಡಲಾಗುವುದಿಲ್ಲ ಎಂದು ಹೇಳಬೇಕಾಯಿತು. ಮಾವನನ್ನು ಕಾಪಾಡಿದ ನಿಯಮವೇ ಇಲ್ಲಿ ಅವರ ಕೈ ಕಟ್ಟಿತ್ತು. ಒಪ್ಪಿದ ಬೆಲೆ ಎರಡೂ ಕಡೆಯವರಿಗೆ ಒಪ್ಪಿದ ಬೆಲೆಯೇ. ಆ ದಿನ ಅವರು ಮೌನವಾಗಿ ಕಾಗದ ಮಡಚಿ ಜೇಬಿಗಿಟ್ಟುಕೊಂಡದ್ದು ಈಗಲೂ ಕಣ್ಣ ಮುಂದಿದೆ.

ಅದೇ ಕಾರಣಕ್ಕೆ ‘ಬಂಪರ್ ಟು ಬಂಪರ್’ ಮಾಡಿಸಿದ್ದೇನೆ, ಪೂರ್ತಿ ದುಡ್ಡು ಬರುತ್ತದೆ ಎಂಬ ನಂಬಿಕೆಯನ್ನೂ ತಿದ್ದಿಕೊಳ್ಳಬೇಕು. ಅದು ರಿಪೇರಿಯಲ್ಲಿ ಬಿಡಿಭಾಗಗಳ ಸವಕಳಿ ಕಳೆಯದಿರುವ ಸೌಲಭ್ಯ. ಟೋಟಲ್ ಲಾಸ್ ಆದರೆ ಅದಿದ್ದರೂ ಐಡಿವಿಯೇ ಗತಿ. ಕೊಂಡ ಬೆಲೆ ಪೂರ್ತಿ ಬೇಕಾದರೆ ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಬೇರೆ ರಕ್ಷಣೆಯನ್ನು ಹೆಚ್ಚಿನ ಪ್ರೀಮಿಯಂ ಕಟ್ಟಿ ಪಡೆಯಬೇಕು. ಅದು ಸಿಗುವುದು ಹೊಸ ಗಾಡಿಯ ಮೊದಲ ಕೆಲವು ವರ್ಷ ಮಾತ್ರ.

ಹೈದರಾಬಾದ್ ಕಡೆಯಿಂದ ಸೆಕೆಂಡ್ ಹ್ಯಾಂಡ್ ಕಾರು ತರುವವರು ನಮ್ಮಲ್ಲಿ ಬಹಳ. ಗಾಡಿಯ ಮಾಲೀಕತ್ವ ಬದಲಾದ 14 ದಿನದೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ, ಎದುರಿನವರಿಗಾದ ಹಾನಿಗೆ ವಿಮೆ ಇರುತ್ತದೆ, ತಮ್ಮ ಕಾರಿಗೆ ಇರುವುದಿಲ್ಲ. ಸ್ವಂತಕ್ಕೆಂದು ವಿಮೆ ಮಾಡಿಸಿದ ಕಾರನ್ನು ಮದುವೆ, ಜಾತ್ರೆಗೆ ಬಾಡಿಗೆಗೆ ಬಿಡುವವರೂ ಇದ್ದಾರೆ. ಅಂಥ ಗಾಡಿಗೆ ಅಪಘಾತವಾದಾಗ ಕ್ಲೇಮನ್ನು ಪೂರ್ತಿ ತಳ್ಳಿಹಾಕುವಂತಿಲ್ಲ ಎಂದು 2010ರ ಅಮಲೇಂದು ಸಾಹು ತೀರ್ಪು ಹೇಳಿದೆ ನಿಜ, ಆದರೆ ಕೈಗೆ ಬರುವುದು ಕಡಿತಗೊಂಡ ಮೊತ್ತ.

ಮಾವ ಈಗ ಇನ್ನೊಂದು ಕಾರು ತೆಗೆದುಕೊಂಡಿದ್ದಾರೆ, ಹಳೆಯದೇ, ಆರು ವರ್ಷದ್ದು. ವಿಮೆ ಮಾಡಿಸಲು ಬಂದ ಹುಡುಗನನ್ನು ಪಡಸಾಲೆಯಲ್ಲಿ ಕೂಡಿಸಿ, ಚಹಾ ಕೊಟ್ಟು, ಐಡಿವಿಯ ಮನೆಯ ಮೇಲೆ ಬೆರಳಿಟ್ಟು ಕೇಳಿದರಂತೆ: “ತಮ್ಮಾ, ಈ ರೇಟಿಗೆ ಇಂಥ ಗಾಡಿ ನನಗ ರಾಯಚೂರಾಗ ಕೊಡಸ್ತೀಯೇನು?” ಹುಡುಗ ಅಂಕಿಯನ್ನು ನಲವತ್ತು ಸಾವಿರ ಏರಿಸಿ ಬರೆದ. ಪ್ರೀಮಿಯಂ 700 ರೂಪಾಯಿ ಹೆಚ್ಚಾಯಿತು.

ಈ ಪುರವಣಿ ಕೆಳಗಿಟ್ಟ ಮೇಲೆ, ದಯವಿಟ್ಟು, ನಿಮ್ಮ ಪಾಲಿಸಿ ಕಾಗದ ತೆಗೆದು ಆ ಅಂಕಿಯನ್ನು ಒಮ್ಮೆ ನೋಡಿ. ಕಡಿಮೆ ಎನಿಸಿದರೆ ನವೀಕರಣದ ತಾರೀಖನ್ನು ಅದರ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.